ಸ್ಟಾರ್‌ಗಳಿಗೂ ಒಂದು ಮುದ್ರೆ ಬೇಕು: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ಕೃಷಿ ಭವನ, ನವದೆಹಲಿ

ವಿಷಯ: ಆನ್‌ಲೈನ್ ರಿವ್ಯೂ ಮತ್ತು ರೇಟಿಂಗ್‌ಗಳಿಗೆ ಸರ್ಕಾರವೇ ರೂಪಿಸಿರುವ ಮಾನಕವನ್ನು ಕಡ್ಡಾಯಗೊಳಿಸುವ ಬಗ್ಗೆ

ಮಾನ್ಯರೇ,

ನಾನು ಶಿವಮೊಗ್ಗದ ಒಬ್ಬ ನಿವೃತ್ತ ಉಪನ್ಯಾಸಕಿ. ನಮ್ಮ ಬಡಾವಣೆಯಲ್ಲಿ ಮಕ್ಕಳೆಲ್ಲ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಗಂಡ ಹೆಂಡತಿ ಇಬ್ಬರೇ ಉಳಿದಿರುವ ಮನೆಗಳು ಹೆಚ್ಚು. ಅವರಿಗೆ ಮಿಕ್ಸಿ, ಗೀಸರ್, ಬಿ.ಪಿ. ನೋಡುವ ಯಂತ್ರ, ಮೊಣಕಾಲಿಗೆ ಹಾಕುವ ಪಟ್ಟಿ ಇಂಥದ್ದನ್ನೆಲ್ಲ ಫೋನಿನಲ್ಲಿ ಹುಡುಕಿ ತರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಎಷ್ಟು ಸ್ಟಾರ್ ಇದೆ ನೋಡಿ ಮೇಡಂ." ಬೆಲೆ, ಕಂಪನಿ, ಗ್ಯಾರಂಟಿ ಎಲ್ಲ ಆಮೇಲೆ.

ಆ ಮಾತಿನ ಹಿಂದೆ ದೊಡ್ಡ ನಂಬಿಕೆ ಇದೆ. ಫ್ರಿಜ್, ಏಸಿಗಳ ಮೇಲೆ ಕರೆಂಟ್ ಉಳಿತಾಯದ ಸ್ಟಾರ್ ಅಂಟಿಸಿರುತ್ತಾರಲ್ಲ, ಅದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಯೋಜನೆ. 2006ರಿಂದ ನಡೆದು ಬಂದಿದೆ. ಅದರ ಹಿಂದೆ ಪ್ರಯೋಗಾಲಯದ ಪರೀಕ್ಷೆ ಇದೆ, ಸುಳ್ಳು ಸ್ಟಾರ್ ಹಚ್ಚಿದರೆ ಕೇಳಲು ಕಾನೂನಿದೆ. ಫೋನಿನ ಪರದೆಯಲ್ಲಿ ಕಾಣುವ ಹಳದಿ ಸ್ಟಾರ್‌ಗೂ ಅಂಥದೇ ಆಧಾರ ಇರುತ್ತದೆ ಎಂದು ನಮ್ಮ ಹಿರಿಯರು ತಿಳಿದಿದ್ದಾರೆ. ಎರಡೂ ಐದರ ಲೆಕ್ಕ, ಎರಡೂ ಒಂದೇ ಆಕಾರ. ಯಾರೋ ತಿಳಿದವರು ನೋಡಿ, ತೂಗಿ, ಅಂಕ ಕೊಟ್ಟಿದ್ದಾರೆ ಎಂಬ ಭಾವನೆ ಅವರದು. ಅವರನ್ನು ತಿದ್ದುವುದು ನನ್ನಿಂದ ಆಗದ ಕೆಲಸವೇನಲ್ಲ. ಆದರೆ ಈ ನಂಬಿಕೆಯನ್ನು ದಿನವೂ ದುಡ್ಡಾಗಿಸಿಕೊಳ್ಳುತ್ತಿರುವವರು ಬೇರೆ ಇದ್ದಾರೆ. ಅವರನ್ನು ತಿದ್ದುವ ಅಧಿಕಾರ ನಿಮ್ಮ ಕೈಯಲ್ಲಿದೆ. ಆ ಕಾರಣಕ್ಕೆ ಈ ಪತ್ರ.

ರಿವ್ಯೂಗಳನ್ನೇ ಓದಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದು ವಾರದಲ್ಲಿ, ಕಣ್ಣು ಕಿವಿ ಮೂಗು ನಾಲಿಗೆಗೆ ಗೊತ್ತಾಗುವ ಸಂಗತಿಗಳನ್ನು ಬಳಸಿದ ಜನ ಚೆನ್ನಾಗಿಯೇ ಹೇಳುತ್ತಾರೆ. ಸೀರೆಯ ಬಣ್ಣ ಫೋಟೋದಲ್ಲಿದ್ದಂತೆ ಇದೆಯೇ, ಮೊದಲ ಒಗೆತಕ್ಕೆ ಬಣ್ಣ ಬಿಟ್ಟಿತೇ, ಲಾಡ್ಜಿನ ಕೋಣೆ ಬಸ್‌ಸ್ಟ್ಯಾಂಡಿನ ಗದ್ದಲಕ್ಕೆ ತೆರೆದುಕೊಂಡಿದೆಯೇ, ಹೋಟೆಲಿನ ಸಾಂಬಾರು ಸಿಹಿಯೇ ಎಂಬುದಕ್ಕೆ ಅಲ್ಲಿಗೆ ಹೋಗಿಬಂದವರ ಮಾತಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. "ಚಪ್ಪಲಿ ಒಂದು ಸೈಜ್ ಚಿಕ್ಕದು, ದೊಡ್ಡದನ್ನೇ ತಗೊಳ್ಳಿ" ಎಂದು ಬರೆದ ಅಪರಿಚಿತರಿಗೆ ನಾನು ಋಣಿ. ಆ ಒಂದು ಸಾಲು ಎಷ್ಟೋ ಜನರ ವಾಪಸಾತಿಯ ಓಡಾಟ ತಪ್ಪಿಸಿರುತ್ತದೆ.

ಆದರೆ ಮಿಕ್ಸಿಯ ವಿಷಯ ತೆಗೆದುಕೊಳ್ಳಿ. ಪೆಟ್ಟಿಗೆ ಬಿಚ್ಚಿದ ದಿನವೇ ಐದು ಸ್ಟಾರ್ ಬೀಳುತ್ತದೆ. "ಇನ್ನೂ ಬಳಸಿಲ್ಲ, ನೋಡೋಕೆ ಚೆನ್ನಾಗಿದೆ" ಎಂದು ಬರೆದವರನ್ನು ನೀವೂ ನೋಡಿರುತ್ತೀರಿ. ಒಂದು ಸ್ಟಾರ್ ಕೊಟ್ಟವರು ಎರಡು ದಿನ ತಡವಾಗಿ ಬಂದ ಪಾರ್ಸಲ್ ಮೇಲಿನ ಸಿಟ್ಟನ್ನು ಮಿಕ್ಸಿಯ ಮೇಲೆ ತೀರಿಸಿಕೊಂಡಿರುತ್ತಾರೆ. ಕಪ್ಲರ್ ಸವೆಯುವುದು, ಜಾರಿನ ಬುಡದಲ್ಲಿ ಸೋರಿಕೆ ಶುರುವಾಗುವುದು, ಅಕ್ಕಿ ಉದ್ದು ರುಬ್ಬುವಾಗ ಮೋಟಾರು ಕಾದು ವಾಸನೆ ಬರುವುದು ತಿಂಗಳುಗಳ ನಂತರ. ಅಷ್ಟು ಹೊತ್ತಿಗೆ ಬರೆಯುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ನಮ್ಮಂಥ ಊರಿನಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಸರಾಸರಿ 4.3 ಎಂಬ ಅಂಕಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 120 ಬಗೆಯ 1,272 ಸಾಮಾನುಗಳ ಅಮೆಜಾನ್ ಸ್ಟಾರ್‌ಗಳನ್ನು, 'ಕನ್ಸ್ಯೂಮರ್ ರಿಪೋರ್ಟ್ಸ್' ಸಂಸ್ಥೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕೊಟ್ಟ ಅಂಕಗಳ ಪಕ್ಕದಲ್ಲಿಟ್ಟು ನೋಡಿದರು. ಎರಡಕ್ಕೂ ಹೊಂದಿಕೆ ತೀರಾ ಕಡಿಮೆ. ಪರೀಕ್ಷೆಯಲ್ಲಿ ಮೇಲುಗೈ ಇರಲಿ ಬಿಡಲಿ, ಬೆಲೆ ಹೆಚ್ಚಿದ್ದಕ್ಕೆ, ಹೆಸರುವಾಸಿ ಬ್ರ್ಯಾಂಡಿಗೆ ಸ್ಟಾರ್ ಹೆಚ್ಚು ಬಿದ್ದಿತ್ತು. ಗಮನಿಸಿ, ಇದು ಪ್ರಾಮಾಣಿಕವಾಗಿ ಬರೆದವರನ್ನೂ ಒಳಗೊಂಡ ಲೆಕ್ಕ. ಮೋಸದ ಮಾತಿಗೆ ನಾನಿನ್ನೂ ಬಂದಿಲ್ಲ.

ಪ್ರಾಣದ ವಿಷಯಕ್ಕೆ ಬಂದರೆ ಸ್ಟಾರ್‌ಗಳ ಮೌನ ಇನ್ನೂ ಭಯ ಹುಟ್ಟಿಸುತ್ತದೆ. 2022ರ ಆಗಸ್ಟ್‌ನಲ್ಲಿ ನಿಮ್ಮ ಪ್ರಾಧಿಕಾರವೇ ಒಂದು ಆದೇಶ ಮಾಡಿತ್ತು. ಐ.ಎಸ್.ಐ. ಮಾನಕಕ್ಕೆ ಹೊಂದದ ಪ್ರೆಷರ್ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕೆ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ, ಮಾರಾಟವಾದ 2,265 ಕುಕ್ಕರ್‌ಗಳನ್ನು ಕೊಂಡ ಗ್ರಾಹಕರಿಗೆ ತಿಳಿಸಿ ಕುಕ್ಕರ್ ವಾಪಸ್ ಪಡೆದು ಹಣ ಹಿಂದಿರುಗಿಸುವ ಸೂಚನೆ. ಅದೇ ತಿಂಗಳು ಫ್ಲಿಪ್‌ಕಾರ್ಟ್‌ಗೂ 598 ಕುಕ್ಕರ್‌ಗಳ ವಿಷಯದಲ್ಲಿ ಅಂಥದೇ ಆದೇಶ. ಮಾನಕವಿಲ್ಲದ ಕುಕ್ಕರಿನಲ್ಲೂ ಅನ್ನ ಚೆನ್ನಾಗಿಯೇ ಆಗುತ್ತದೆ. ಸೇಫ್ಟಿ ವಾಲ್ವ್ ಯಾವ ಒತ್ತಡಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಅಡುಗೆಮನೆಯಲ್ಲಿ ತಿಳಿಯುವ ಹೊತ್ತಿಗೆ ಅನಾಹುತ ಆಗಿರುತ್ತದೆ. ಹಾಗಾಗಿ ಅನ್ನ ಬೆಂದ ಸಂತೋಷಕ್ಕೆ ಬಿದ್ದ ಸ್ಟಾರ್‌ಗಳನ್ನು ನೋಡಿ ಮುಂದಿನವರು ಅದನ್ನೇ ಕೊಳ್ಳುತ್ತಾರೆ. ಆ ಕುಕ್ಕರ್‌ಗಳಿಂದ ಅಮೆಜಾನ್‌ಗೆ ಬಂದ ಕಮಿಷನ್ 6 ಲಕ್ಷ ರೂಪಾಯಿಗೂ ಹೆಚ್ಚು ಎಂದು ನಿಮ್ಮ ಆದೇಶವೇ ದಾಖಲಿಸಿದೆ. ದಂಡಕ್ಕೂ ಕಮಿಷನ್‌ಗೂ ಇರುವ ಅಂತರವನ್ನು ನೀವೂ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹೋಂಸ್ಟೇಗಳಲ್ಲೂ ಹೀಗೆಯೇ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಶನಿವಾರ ಭಾನುವಾರ ಬರುವವರು ಬುಕ್ ಮಾಡುವುದು ಪೂರ್ತಿ ರೇಟಿಂಗ್ ನೋಡಿ. ತೋಟದ ನೋಟ, ಅಕ್ಕಿರೊಟ್ಟಿ, ಆತಿಥ್ಯ, ಎಲ್ಲದರ ಬಗ್ಗೆ ರಿವ್ಯೂ ಸಿಗುತ್ತದೆ. ಸ್ನಾನದ ಮನೆಯಲ್ಲಿರುವ ಗ್ಯಾಸ್ ಗೀಸರ್‌ಗೆ ಗಾಳಿಯಾಡುವ ಕಿಂಡಿ ಇದೆಯೇ ಎಂದು ಯಾವ ಅತಿಥಿಯೂ ಬರೆದಿರುವುದಿಲ್ಲ. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆ ಇಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ಆ ಮನೆ ನೋಂದಣಿ ಆಗಿದೆಯೇ ಎಂಬ ಒಂದು ಸಾಲನ್ನು ಸ್ಟಾರ್ ಪಕ್ಕದಲ್ಲಿ ತೋರಿಸಲು ಬುಕಿಂಗ್ ಜಾಲತಾಣಗಳಿಗೆ ಏನು ಕಷ್ಟ?

ಇನ್ನು ಮೋಸದ ಮಾತು. ನನ್ನ ಸಂಕಟವೆಲ್ಲ ಇಲ್ಲಿದೆ.

ನಾನು ತರಿಸುವ ಪಾರ್ಸಲ್‌ಗಳಲ್ಲಿ ಆಗಾಗ ಒಂದು ಚಿಕ್ಕ ಬಣ್ಣದ ಚೀಟಿ ಇರುತ್ತದೆ. 'ಐದು ಸ್ಟಾರ್ ಕೊಟ್ಟು, ಸ್ಕ್ರೀನ್‌ಶಾಟ್ ತೆಗೆದು ಈ ನಂಬರ್‌ಗೆ ವಾಟ್ಸಾಪ್ ಮಾಡಿ, ಕ್ಯಾಶ್‌ಬ್ಯಾಕ್ ಪಡೆಯಿರಿ' ಎಂಬ ಅರ್ಥದ ಬರಹ. ನೂರು ರೂಪಾಯಿಯ ಆಸೆ. ಪಿಂಚಣಿಯಲ್ಲಿ ಬದುಕುವವರಿಗೆ ನೂರು ರೂಪಾಯಿ ಚಿಕ್ಕದಲ್ಲ, ಅವರನ್ನು ನಾನು ದೂರುವುದೂ ಇಲ್ಲ. ಇದರಲ್ಲಿರುವ ಚತುರತೆ ನೋಡಿ: ಕೊಂಡವರು ನಿಜವಾದ ಗ್ರಾಹಕರು, ಹಣ ಕೊಟ್ಟದ್ದು ನಿಜ, ಸಾಮಾನು ಮನೆಗೆ ಬಂದದ್ದೂ ನಿಜ. ಹಾಗಾಗಿ ಅವರ ರಿವ್ಯೂ ಪಕ್ಕದಲ್ಲಿ 'ವೆರಿಫೈಡ್ ಪರ್ಚೇಸ್' ಎಂಬ ಗುರುತು ತಾನಾಗಿಯೇ ಬೀಳುತ್ತದೆ. ಯಾವ ಗುರುತನ್ನು ನೋಡಿ ನಂಬಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೋ ಅದೇ ಗುರುತಿನ ಕೆಳಗೆ ಕೊಂಡುಕೊಂಡ ಮೆಚ್ಚುಗೆ ಕುಳಿತಿರುತ್ತದೆ. ಕೇಂದ್ರ ಸರ್ಕಾರದ 2020ರ ಇ-ಕಾಮರ್ಸ್ ನಿಯಮಗಳು, ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯಬಾರದು ಎಂದು ಸ್ಪಷ್ಟವಾಗಿ ಹೇಳಿವೆ. ಒಳ್ಳೆಯ ನಿಯಮ. ಆದರೆ ವೇಷ ಹಾಕುವ ಅಗತ್ಯವೇ ಈಗ ಉಳಿದಿಲ್ಲ. ನಿಜವಾದ ಗ್ರಾಹಕರ ಕೈಯಿಂದಲೇ ಬರೆಸಿಕೊಳ್ಳುತ್ತಾರೆ.

ಹೀಗೆ ಕೊಂಡ ಸ್ಟಾರ್‌ಗಳ ಗತಿ ಏನಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಮೂವರು ಸಂಶೋಧಕರು ಬೆನ್ನಟ್ಟಿ ನೋಡಿದ್ದಾರೆ. ಫೇಸ್‌ಬುಕ್‌ನ ಖಾಸಗಿ ಗುಂಪುಗಳಲ್ಲಿ ರಿವ್ಯೂ ಖರೀದಿಸುತ್ತಿದ್ದ ಸುಮಾರು 1,500 ಸಾಮಾನುಗಳನ್ನು ಗುರುತಿಸಿ, ಅವುಗಳ ರೇಟಿಂಗ್ ಮುಂದೆ ಏನಾಯಿತೆಂದು ಗಮನಿಸಿದರು. ಖರೀದಿ ನಡೆಯುತ್ತಿರುವಾಗ ರೇಟಿಂಗೂ ಮಾರಾಟವೂ ಏರಿದವು. ಖರೀದಿ ನಿಂತ ಮೇಲೆ ಒಂದು ಸ್ಟಾರ್‌ನ ರಿವ್ಯೂಗಳು ಹೆಚ್ಚಾದವು. ಆ ಒಂದು ಸ್ಟಾರ್ ಕೊಟ್ಟವರು ಯಾರು? ನಡುವೆ ನಂಬಿ ಕೊಂಡು ಮೋಸಹೋದವರು.

ಇನ್ನೊಂದು ವಿದ್ಯೆಯಿದೆ. ಚೆನ್ನಾಗಿ ಮಾರಾಟವಾದ ಹಳೆಯ ಸಾಮಾನಿನ ಪುಟಕ್ಕೇ ಹೊಸ ಸಾಮಾನನ್ನು 'ಇನ್ನೊಂದು ಮಾದರಿ' ಎಂದು ಸೇರಿಸಿಬಿಡುವುದು. ಹಳೆಯದಕ್ಕೆ ಬಂದ ಸಾವಿರಾರು ಸ್ಟಾರ್ ಹೊಸದರ ಹಣೆಗೆ ಅಂಟಿಕೊಳ್ಳುತ್ತವೆ. ವಿಟಮಿನ್ ಮಾತ್ರೆಗಳ ವಿಷಯದಲ್ಲಿ ಹೀಗೆ ಮಾಡಿದ್ದಕ್ಕೆ 'ದಿ ಬೌಂಟಿಫುಲ್ ಕಂಪನಿ'ಯಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ 6 ಲಕ್ಷ ಡಾಲರ್ ವಸೂಲಿ ಮಾಡಿತು. ಸುಳ್ಳು ಬರೆಯುವ ಶ್ರಮವನ್ನೂ ಪಡದೆ, ಬಂದ ಬೈಗುಳವನ್ನು ಮರೆಮಾಡುವವರೂ ಇದ್ದಾರೆ. 'ಫ್ಯಾಷನ್ ನೋವಾ' ಎಂಬ ಬಟ್ಟೆ ಕಂಪನಿ ತನ್ನ ತಾಣದಲ್ಲಿ ನಾಲ್ಕಕ್ಕಿಂತ ಕಡಿಮೆ ಸ್ಟಾರ್‌ನ ರಿವ್ಯೂಗಳನ್ನು ಪ್ರಕಟಿಸದೆ ತಡೆಹಿಡಿದಿತ್ತು ಎಂಬ ಆರೋಪದ ಮೇಲೆ 2022ರಲ್ಲಿ 42 ಲಕ್ಷ ಡಾಲರ್ ಕಟ್ಟಬೇಕಾಯಿತು. ಓದುವವರು ಎಷ್ಟೇ ಜಾಣರಿರಲಿ, ಪ್ರಕಟವೇ ಆಗದ ರಿವ್ಯೂವನ್ನು ಓದುವುದು ಹೇಗೆ?

ನಮ್ಮ ಬೆಂಗಳೂರಿನಲ್ಲಂತೂ ಸ್ಟಾರ್ ಕೊಡುವುದೇ ಬಲೆಯಾಗಿದೆ. ಟೆಲಿಗ್ರಾಂನಲ್ಲೋ ವಾಟ್ಸಾಪ್‌ನಲ್ಲೋ 'ಪಾರ್ಟ್‌ಟೈಮ್ ಕೆಲಸ' ಎಂದು ಸಂದೇಶ ಬರುತ್ತದೆ. ಎಲ್ಲೋ ಇರುವ ಹೋಟೆಲಿಗೆ ಮ್ಯಾಪ್‌ನಲ್ಲಿ ಐದು ಸ್ಟಾರ್ ಕೊಟ್ಟು ಫೋಟೋ ಕಳಿಸಿದರೆ ನೂರೋ ನೂರೈವತ್ತೋ ಖಾತೆಗೆ ಬೀಳುತ್ತದೆ. ನಂಬಿಕೆ ಬಂದ ಮೇಲೆ 'ದೊಡ್ಡ ಟಾಸ್ಕ್‌ಗೆ ಮೊದಲು ಹಣ ಕಟ್ಟಿ' ಎನ್ನುತ್ತಾರೆ. ಸಾವಿರ, ಹತ್ತು ಸಾವಿರ, ಕೊನೆಗೆ ಲಕ್ಷಗಳು. ಓದಿದ ಹುಡುಗ ಹುಡುಗಿಯರು, ಮನೆಯಲ್ಲಿರುವ ಹೆಣ್ಣುಮಕ್ಕಳು ಹೀಗೆ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದು ಪೊಲೀಸರು ಹೇಳುತ್ತಾರೆ, ಸರಿ. ಆದರೆ ಈ ಬಲೆ ಕೆಲಸ ಮಾಡುವುದೇಕೆ? ದುಡ್ಡಿಗೆ ಸ್ಟಾರ್ ಕೊಡುವುದು ಒಂದು ಮಾಮೂಲಿ ಉದ್ಯೋಗ ಎಂದು ಜನ ಸುಲಭವಾಗಿ ನಂಬುವ ಸ್ಥಿತಿ ಬಂದಿರುವುದರಿಂದ. ಅಲ್ಲಿ ಬಿದ್ದ ಸುಳ್ಳು ಸ್ಟಾರ್‌ಗಳೂ ಹೋಟೆಲುಗಳ ಲೆಕ್ಕದಲ್ಲಿ ಹಾಗೆಯೇ ಉಳಿದರೆ, ಮೋಸಕ್ಕೆ ಇಬ್ಬರು ಬಲಿ: ಕೊಟ್ಟವರೂ, ನಂಬಿ ಹೋದವರೂ.

ಮಾರುವವರ ಕಡೆಯ ನೋವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಲೆನಾಡಿನಲ್ಲಿ ನನಗೆ ಪರಿಚಯವಿರುವ ಹೋಂಸ್ಟೇ ನಡೆಸುವ ದಂಪತಿ ಇದ್ದಾರೆ. ಬಂದ ಅತಿಥಿಗಳು ಹೊರಡುವಾಗ ಬಿಲ್ಲಿನಲ್ಲಿ ಕಡಿಮೆ ಮಾಡಿ ಎನ್ನುತ್ತಾರೆ, ಇಲ್ಲವೆಂದರೆ ಫೋನ್ ತೆಗೆದು ಒಂದು ಸ್ಟಾರ್‌ನ ಮಾತಾಡುತ್ತಾರೆ. ಒಂದೊಂದು ಕೋಣೆಗೂ ಬ್ಯಾಂಕಿನ ಸಾಲ ತಂದಿರುವ ಆ ಹೆಣ್ಣುಮಗಳು ನಗುತ್ತಲೇ ಹಣ ಬಿಟ್ಟುಕೊಡುತ್ತಾಳೆ. ಬೇರೆ ದಾರಿ ಅವಳಿಗಿಲ್ಲ. ಆಗ ಹಾರ್ವರ್ಡ್‌ನಲ್ಲಿದ್ದ ಸಂಶೋಧಕ ಮೈಕೆಲ್ ಲೂಕಾ ಸಿಯಾಟಲ್ ನಗರದ ಹೋಟೆಲುಗಳ ವಹಿವಾಟನ್ನು ಅಭ್ಯಾಸ ಮಾಡಿ, 'ಯೆಲ್ಪ್' ತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಕೊಂಡರು. ಆ ಏರಿಕೆ ಕಂಡದ್ದು ಒಂಟಿ ಮಾಲೀಕರ ಹೋಟೆಲುಗಳಲ್ಲಿ, ದೊಡ್ಡ ಸರಣಿಗಳ ಮೇಲೆ ಅಂಥ ಪರಿಣಾಮವಿಲ್ಲ. ಅಂದರೆ ಸುಳ್ಳು ಸ್ಟಾರ್ ಹೆಚ್ಚು ಕಚ್ಚುವುದು ಚಿಕ್ಕವರನ್ನೇ. ದೊಡ್ಡ ಹೆಸರಿನವರಿಗೆ ಜಾಹೀರಾತು ಇದೆ, ಚಿಕ್ಕ ದರ್ಶಿನಿಯವರಿಗೆ ಆ ಐದು ಸ್ಟಾರ್ ಬಿಟ್ಟರೆ ಗತಿಯಿಲ್ಲ.

ಊಟ ತರುವ ಹುಡುಗನದು ಇನ್ನೂ ಕಷ್ಟ. ಅಡುಗೆ ತಡವಾದದ್ದು ಹೋಟೆಲಿನಲ್ಲಿ, ಸಿಕ್ಕಿಬಿದ್ದದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಕಡಿಮೆ ಸ್ಟಾರ್ ಬೀಳುವುದು ಅವನಿಗೆ. ನಮ್ಮ ರಾಜ್ಯ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಲಿಖಿತ ಕಾರಣ ಕೊಟ್ಟು, 14 ದಿನ ಮೊದಲೇ ತಿಳಿಸದೆ ಕೆಲಸದಿಂದ ತೆಗೆಯಬಾರದೆಂಬ ರಕ್ಷಣೆ ಇದೆ. ಅದು ಕೆಲಸಗಾರರಿಗೆ. ಸ್ಟಾರ್‌ನಿಂದಲೇ ಹೊಟ್ಟೆ ಹೊರೆಯುವ ಚಿಕ್ಕ ವ್ಯಾಪಾರಿಗೆ ಅಂಥದ್ದು ಯಾವುದಿದೆ?

ಆಸ್ಪತ್ರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ: ವೈದ್ಯರಿಗೆ ಸ್ಟಾರ್ ಕೊಡುವ ಪದ್ಧತಿಯೇ ತಪ್ಪು. ಕಾಯಿಸಿದರೇ, ಗದರಿದರೇ, ಬಿಲ್ ಸರಿಯಾಗಿ ಕೊಟ್ಟರೇ ಎಂದು ರೋಗಿ ಹೇಳಬಲ್ಲ. ಚಿಕಿತ್ಸೆ ಸರಿಯೇ ಎಂದು ಹೇಳಲು ಅವನಿಗೆ ಆಗುವುದಿಲ್ಲ. ವೈದ್ಯರು ಉತ್ತರ ಕೊಡಬೇಕೆಂದರೆ ರೋಗಿಯ ಗುಟ್ಟು ಬಿಚ್ಚಬೇಕು, ಅದು ಅವರ ಧರ್ಮಕ್ಕೆ ವಿರುದ್ಧ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊರಡಿಸಿದ ನಿಯಮಗಳಲ್ಲಿ, ಹಣ ಕೊಟ್ಟು ಹೆಚ್ಚು ರೇಟಿಂಗ್ ಪಡೆಯುವ ಆ್ಯಪ್‌ಗಳಲ್ಲಿ ವೈದ್ಯರು ಸೇರಬಾರದು ಎಂದಿತ್ತು. ಅದೇ ತಿಂಗಳ 23ರಂದು ಇಡೀ ನಿಯಮಾವಳಿಯನ್ನೇ ತಡೆಹಿಡಿದರು. ಬೇರೆ ಅಂಶಗಳ ಮೇಲೆ ವಿರೋಧವಿತ್ತು, ನಿಜ. ಈ ಒಂದು ಅಂಶವನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಮಾನ್ಯರೇ, ಈಗ ನಿಮ್ಮ ಕೆಲಸದ ಬಗ್ಗೆ.

2022ರ ನವೆಂಬರ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಮತ್ತು ಭಾರತೀಯ ಮಾನಕ ಬ್ಯೂರೋ ಸೇರಿ ಐ.ಎಸ್. 19000:2022 ಎಂಬ ಮಾನಕ ಹೊರತಂದವು. ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಸೋಸಬೇಕು, ಹೇಗೆ ಪ್ರಕಟಿಸಬೇಕು ಎಂಬುದು ಅದರ ವಿಷಯ. ಬರೆದವರು ನಿಜವಾದ ವ್ಯಕ್ತಿಯೇ ಎಂದು ಖಾತ್ರಿ ಮಾಡಿಕೊಳ್ಳುವ ವಿಧಾನಗಳು ಅದರಲ್ಲಿವೆ. ಕಂಪನಿ ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು, ರೇಟಿಂಗ್ ಲೆಕ್ಕದಲ್ಲಿ ಪಕ್ಷಪಾತ ಇರಬಾರದು ಎಂಬ ಆಶಯವಿದೆ. ಆಗ ಅಮೆರಿಕ, ಬ್ರಿಟನ್ ಇನ್ನೂ ಯೋಚಿಸುತ್ತಿದ್ದವು. ನಮ್ಮವರು ಬರೆದೇಬಿಟ್ಟಿದ್ದರು. ಓದಿದಾಗ ನನಗೆ ಹೆಮ್ಮೆಯಾಯಿತು.

ಆದರೆ ಪಾಲಿಸುವುದು ಬಿಡುವುದು ತಾಣಗಳ ಇಚ್ಛೆಗೆ ಬಿಟ್ಟದ್ದು. 2024ರ ಮೇ ತಿಂಗಳಲ್ಲಿ ಅದನ್ನು ಕಡ್ಡಾಯ ಮಾಡುವ ಬಗ್ಗೆ ನಿಮ್ಮ ಇಲಾಖೆ ದೊಡ್ಡ ತಾಣಗಳನ್ನು ಕರೆದು ಸಭೆ ನಡೆಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕ ಸುಳ್ಳು ರಿವ್ಯೂ ನಿಷೇಧಿಸುವ ನಿಯಮ ಪ್ರಕಟಿಸಿ, ಅಕ್ಟೋಬರ್ 21ರಿಂದ ಜಾರಿಗೂ ತಂದಿತು. ಒಂದೊಂದು ಉಲ್ಲಂಘನೆಗೂ 50 ಸಾವಿರ ಡಾಲರ್ ಮೀರಿದ ದಂಡ ಹಾಕಬಹುದು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್ 6ರಿಂದ ಸುಳ್ಳು ರಿವ್ಯೂ ನಿಷಿದ್ಧ. ಕಂಪನಿಯ ಜಾಗತಿಕ ವಹಿವಾಟಿನ ಶೇ. 10ರವರೆಗೆ ದಂಡ ಹಾಕುವ ಅಧಿಕಾರ ಅಲ್ಲಿನ ಸಂಸ್ಥೆಗಿದೆ. ಯುರೋಪಿನಲ್ಲಿ 2022ರ ಮೇ 28ರಿಂದಲೇ, ರಿವ್ಯೂ ಬರೆದವರು ನಿಜವಾದ ಗ್ರಾಹಕರೆಂದು ನೀವು ಪರಿಶೀಲಿಸುತ್ತೀರೋ ಇಲ್ಲವೋ, ಹೇಗೆ ಪರಿಶೀಲಿಸುತ್ತೀರಿ ಎಂಬುದನ್ನು ತಾಣಗಳು ಹೇಳಲೇಬೇಕು. ಆ ದೇಶಗಳಲ್ಲೂ ಇಲ್ಲೂ ವ್ಯಾಪಾರ ಮಾಡುವುದು ಬಹುಮಟ್ಟಿಗೆ ಅದೇ ಕಂಪನಿಗಳು. ಅಲ್ಲಿನ ಗ್ರಾಹಕರಿಗೆ ಕಾನೂನಿನಿಂದ ಸಿಗುವುದು ನಮ್ಮ ಜನರಿಗೆ ಕಂಪನಿಯ ಒಳ್ಳೆಯತನದಿಂದ ಸಿಗಬೇಕೇ?

ನಮ್ಮೂರಿನ ಸಂತೆಯಲ್ಲಿ ಈರುಳ್ಳಿ ಮಾರುವವರ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಮುದ್ರೆಯಿಲ್ಲದ ಬಟ್ಟು ಸಿಕ್ಕರೆ ದಂಡ. ತೂಕ ಸರಿಯಿದೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನು ಸರ್ಕಾರ ಕೊಳ್ಳುವವರ ತಲೆಗೆ ಕಟ್ಟಿಲ್ಲ, ತಕ್ಕಡಿ ಹಿಡಿದವರ ಮೇಲೆ ಹೊರಿಸಿದೆ. ಕೋಟಿಗಟ್ಟಲೆ ವಹಿವಾಟನ್ನು ತೂಗುವ ಈ ಸ್ಟಾರ್‌ಗಳ ವಿಷಯದಲ್ಲಿ ಮಾತ್ರ ಎಲ್ಲ ಉಪದೇಶವೂ ಕೊಳ್ಳುವವರಿಗೆ: ಎಚ್ಚರದಿಂದ ಓದಿ, ಮೂರು ಸ್ಟಾರ್‌ನವರ ಮಾತು ನೋಡಿ, ದಿನಾಂಕ ಗಮನಿಸಿ, ಒಂದೇ ದಿನ ಬಿದ್ದ ಹೊಗಳಿಕೆ ನಂಬಬೇಡಿ. ಈ ಉಪದೇಶಗಳು ಸುಳ್ಳಲ್ಲ, ನಾನೂ ಹಾಗೆಯೇ ಓದುತ್ತೇನೆ, ನೆರೆಯವರಿಗೂ ಹೇಳಿಕೊಡುತ್ತೇನೆ. ಆದರೆ ಯಂತ್ರವೇ ಸರಾಗವಾಗಿ, ಮನುಷ್ಯರಂತೆ, ಬೇಕಾದ ಭಾಷೆಯಲ್ಲಿ ರಿವ್ಯೂ ಬರೆದುಕೊಡುವ ಕಾಲದಲ್ಲಿ ಓದುವವರ ಜಾಣತನ ಎಷ್ಟು ದಿನ ಕಾಯುತ್ತದೆ? ಯಾರು ಯಾವ ಫೋನಿನಿಂದ, ಯಾವಾಗ, ಎಷ್ಟು ರಿವ್ಯೂ ಬರೆದರು, ಯಾವುದನ್ನು ಅಳಿಸಲಾಯಿತು ಎಂಬ ಲೆಕ್ಕವೆಲ್ಲ ಇರುವುದು ತಾಣಗಳ ಬಳಿ. ನಮ್ಮ ಬಳಿ ಇರುವುದು ಸರಾಸರಿ ಮಾತ್ರ.

ಹಾಗಾಗಿ ಮೊದಲ ಬೇಡಿಕೆ, ಐ.ಎಸ್. 19000 ಅನ್ನು ಕಡ್ಡಾಯ ಮಾಡಿ. ಪ್ರತಿ ತಾಣವೂ ತಾನು ತೆಗೆದುಹಾಕಿದ ಮತ್ತು ತಡೆಹಿಡಿದ ರಿವ್ಯೂಗಳ ಲೆಕ್ಕವನ್ನು ಕಾರಣಸಮೇತ ಬಹಿರಂಗಪಡಿಸಲಿ. ಪ್ರತಿ ರಿವ್ಯೂ ಪಕ್ಕದಲ್ಲಿ ಅದು ಯಾವ ಮಾದರಿಗೆ ಬರೆದದ್ದು, ಕೊಂಡ ಎಷ್ಟು ದಿನಕ್ಕೆ ಬರೆದದ್ದು ಎಂದು ಕಾಣಲಿ. ಆರು ತಿಂಗಳು ಬಳಸಿದವರ ಸರಾಸರಿಯನ್ನು ಬೇರೆಯಾಗಿ ತೋರಿಸಿದರೆ ನಮ್ಮಂಥವರಿಗೆ ಆಗುವ ಉಪಕಾರ ದೊಡ್ಡದು. ಪಾರ್ಸಲ್ ಬಗ್ಗೆ ಬಂದ ಸಿಟ್ಟನ್ನು ಸಾಮಾನಿನ ಅಂಕದಿಂದ ಬೇರ್ಪಡಿಸುವುದು ತಾಣಗಳಿಗೆ ಕಷ್ಟದ ಕೆಲಸವಲ್ಲ. ಕ್ಯಾಶ್‌ಬ್ಯಾಕ್ ಚೀಟಿಯ ಫೋಟೋ ಕಳಿಸಿ ದೂರು ಕೊಡಲು 1915 ಗ್ರಾಹಕ ಸಹಾಯವಾಣಿಯಲ್ಲಿ ಪ್ರತ್ಯೇಕ ವಿಭಾಗ ತೆರೆಯಿರಿ. ಆ ಚೀಟಿಯಲ್ಲಿ ವಾಟ್ಸಾಪ್ ನಂಬರ್ ಇರುತ್ತದೆ, ಪೆಟ್ಟಿಗೆಯ ಮೇಲೆ ಮಾರಾಟಗಾರರ ವಿಳಾಸ ಇರುತ್ತದೆ. ಇದಕ್ಕಿಂತ ಸುಲಭವಾದ ಸಾಕ್ಷಿ ಯಾವ ತನಿಖೆಯಲ್ಲಿ ಸಿಗುತ್ತದೆ?

ಕುಕ್ಕರ್, ಹೆಲ್ಮೆಟ್, ಆಟಿಕೆಗಳಂಥ ಐ.ಎಸ್.ಐ. ಗುರುತು ಕಡ್ಡಾಯವಿರುವ ಸಾಮಾನುಗಳಿಗೆ, ಸ್ಟಾರ್ ಕಾಣುವ ಮೊದಲೇ ಲೈಸೆನ್ಸ್ ಸಂಖ್ಯೆ ಕಾಣಬೇಕು. ಮಾನಕ ಬ್ಯೂರೋದ ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಈ ಸೌಲಭ್ಯ ಇದೆ ಎಂಬುದೇ ನಮ್ಮ ಬಡಾವಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬರೆದವರನ್ನು ಖಾತ್ರಿ ಮಾಡಿಕೊಳ್ಳುವ ಹೆಸರಿನಲ್ಲಿ ಅವರ ಹೆಸರು, ನಂಬರ್ ಮಾರಾಟಗಾರರ ಕೈಗೆ ಹೋಗಬಾರದು. ಬೆಂಗಳೂರಿನ ಪಿ.ಜಿ.ಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯರು ಹೇಳುತ್ತಾರೆ, ಅಡ್ವಾನ್ಸ್ ವಾಪಸ್ ಬರುವವರೆಗೆ ಅಲ್ಲಿನ ನೀರು, ಊಟ, ಸಿಸಿಟಿವಿ ಬಗ್ಗೆ ಒಂದಕ್ಷರ ಬರೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಬಂದ ಮೇಲೂ ಮಾಲೀಕರು ಫೋನ್ ಮಾಡಿ ಅಳಿಸು ಎಂದು ಗದರುತ್ತಾರೆ. ಸತ್ಯ ಬರೆದದ್ದಕ್ಕೆ ಮಾನನಷ್ಟದ ನೋಟಿಸ್ ಬಂದರೆ ಸಾಮಾನ್ಯರು ವಕೀಲರನ್ನು ಹಿಡಿಯುವ ಬದಲು ಬರೆದದ್ದನ್ನು ಅಳಿಸಿಬಿಡುತ್ತಾರೆ. ತಾಣಕ್ಕೆ ಗುರುತು ಗೊತ್ತಿರಲಿ, ಹೊರಗೆ ಗುಟ್ಟಾಗಿರಲಿ. ಖಾಸಗಿತನ ಈ ಮಾನಕದ ತತ್ವಗಳಲ್ಲೇ ಒಂದು. ಕಡ್ಡಾಯ ಆದೇಶದಲ್ಲಿ ಅದಕ್ಕೆ ಕಾನೂನಿನ ಬಲ ಬರಬೇಕು.

ಕನ್ನಡದ ಮಾತು. 2020ರಿಂದ ದೊಡ್ಡ ತಾಣಗಳು ಕನ್ನಡದಲ್ಲಿ ವ್ಯಾಪಾರ ನಡೆಸುತ್ತಿವೆ, ಬಹಳ ಸಂತೋಷ. ಕೊಳ್ಳುವ ಗುಂಡಿ ಕನ್ನಡದಲ್ಲಿದೆ. ಆದರೆ ರಿವ್ಯೂ ನಿಯಮ, ರೇಟಿಂಗ್ ಹೇಗೆ ಲೆಕ್ಕ ಹಾಕುತ್ತಾರೆ ಎಂಬ ವಿವರಣೆ, ಸುಳ್ಳು ರಿವ್ಯೂ ಬಗ್ಗೆ ದೂರು ಕೊಡುವ ನಮೂನೆ ನಾನು ನೋಡಿದ ಕಡೆಯೆಲ್ಲ ಇಂಗ್ಲಿಷಿನಲ್ಲೇ ಇದೆ. 2020ರ ನಿಯಮಗಳು, ಸಾಮಾನುಗಳನ್ನು ಯಾವ ಆಧಾರದ ಮೇಲೆ ಮೇಲೆ ಕೆಳಗೆ ತೋರಿಸುತ್ತೀರಿ ಎಂಬುದನ್ನು ಸುಲಭವಾಗಿ ಅರ್ಥವಾಗುವಂತೆ ಬರೆದು ಪ್ರಕಟಿಸಬೇಕು ಎನ್ನುತ್ತವೆ. ಯಾರಿಗೆ ಸುಲಭವಾಗಿ? ಕನ್ನಡದಲ್ಲಿ ಮಾರುವವರು ಕನ್ನಡದಲ್ಲೇ ಉತ್ತರ ಕೊಡಬೇಕು ಎಂದು ಆದೇಶದಲ್ಲಿ ಒಂದು ಸಾಲು ಸೇರಿಸಿ.

ಕೊನೆಯ ಬೇಡಿಕೆ ದೊಡ್ಡದು, ಆದರೆ ಅಸಾಧ್ಯವಲ್ಲ. ಜರ್ಮನಿಯಲ್ಲಿ 'ಸ್ಟಿಫ್ಟುಂಗ್ ವಾರೆನ್‌ಟೆಸ್ಟ್' ಎಂಬ ಸಂಸ್ಥೆಯನ್ನು 1964ರಲ್ಲಿ ಸರ್ಕಾರವೇ ಹುಟ್ಟುಹಾಕಿತು. ಅದರವರು ಗುರುತು ಹೇಳದೆ ಅಂಗಡಿಯಿಂದ ಸಾಮಾನು ಕೊಂಡು ತರುತ್ತಾರೆ, ಪರೀಕ್ಷೆ ಮಾಡಿಸುತ್ತಾರೆ, ಫಲಿತಾಂಶ ಪ್ರಕಟಿಸುತ್ತಾರೆ. ತಮ್ಮ ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲೂ ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ತುಲನಾತ್ಮಕ ಪರೀಕ್ಷೆಗಳನ್ನು ನಡೆಸಿದ ಸಂಸ್ಥೆ. ಅದು 1978ರಷ್ಟು ಹಳೆಯದು. ಅನುಭವ ಇದೆ, ಬ್ಯೂರೋದ ಪ್ರಯೋಗಾಲಯಗಳಿವೆ, ಗ್ರಾಹಕ ಕಲ್ಯಾಣ ನಿಧಿ ಎಂಬ ಹೆಸರಿನಲ್ಲಿ ಹಣವೂ ಇದೆ. ಮಿಕ್ಸಿ, ಗೀಸರ್, ಬಿ.ಪಿ. ಯಂತ್ರ, ವಾಟರ್ ಫಿಲ್ಟರ್ ಇಂಥ ಮನೆಮನೆಯ ಸಾಮಾನುಗಳನ್ನು ವರ್ಷಕ್ಕೊಮ್ಮೆ ಅಂಗಡಿಯಿಂದ ಕೊಂಡು ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲ ಭಾಷೆಗಳಲ್ಲೂ ಪ್ರಕಟಿಸಿ. ಗ್ರಾಹಕರ ಸ್ಟಾರ್ ಪಕ್ಕದಲ್ಲೇ ಪರೀಕ್ಷೆಯ ಅಂಕವನ್ನೂ ತೋರಿಸಬೇಕೆಂದು ತಾಣಗಳಿಗೆ ಹೇಳಿ.

ಈ ಪತ್ರದ ಪ್ರತಿಯನ್ನು ರಾಜ್ಯದ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆಗೂ ಕಳಿಸುತ್ತಿದ್ದೇನೆ. ಪಾರ್ಸಲ್‌ಗಳಲ್ಲಿ ಬಂದ ಕ್ಯಾಶ್‌ಬ್ಯಾಕ್ ಚೀಟಿಗಳನ್ನು ನಮ್ಮ ಬಡಾವಣೆಯವರು ಕೂಡಿಡುತ್ತಿದ್ದಾರೆ. ಯಾರಿಗೆ, ಎಲ್ಲಿಗೆ ಕಳಿಸಬೇಕೆಂದು ತಿಳಿಸಿದರೆ ನಾವೇ ಅಂಚೆಗೆ ಹಾಕುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಗ್ರಾಹಕಿ,
ಶಿವಮೊಗ್ಗ